ಹಳದಿ ದೀಪದ ನಿದಾನ

ಕಬ್ಬಿನ ಹಂಗಾಮಿನಲ್ಲಿ ಮುಧೋಳದಿಂದ ಮಹಾಲಿಂಗಪುರದ ಮೇಲೆ ರಬಕವಿಗೆ ರಾತ್ರಿ ಪ್ರಯಾಣ ಮಾಡಿದವರಿಗೆ ಆ ಹಾದಿಯ ಸಂಕಟವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಜೋಡು ಟ್ರೇಲರುಗಳಲ್ಲಿ ಆಳೆತ್ತರಕ್ಕೂ ಮಿಗಿಲಾಗಿ ಕಬ್ಬನ್ನು ಹೇರಿಕೊಂಡು ಕಾರಖಾನೆಗೆ ಹೊರಟ ಟ್ರ್ಯಾಕ್ಟರುಗಳಲ್ಲಿ ಹಿಂದೆ ಕೆಂಪು ದೀಪವಿಲ್ಲದವೂ ಇರುತ್ತವೆ. ಉದುರಿದ ರವದಿಯು ಡಾಂಬರಿನ ಮೇಲೆ ಹಾಸಿಕೊಂಡು ಗಾಲಿಗಳಿಗೆ ಹಿಡಿತವೇ ಇಲ್ಲದಂತಾಗುವದು. ರಬಕವಿಯ ಸೀರೆ ವ್ಯಾಪಾರಸ್ಥರೊಬ್ಬರು ಇಂಥದೊಂದು ರಾತ್ರಿ ಕಾರಿನಲ್ಲಿ ಬರುತ್ತಿರಲು, ಮುಂದಿನ ಟ್ರೇಲರು ಅವರ ಕಣ್ಣಿಗೆ ಬಿದ್ದುದು ತೀರ ಸಮೀಪಕ್ಕೆ ಬಂದ ಮೇಲೆ. ಬ್ರೇಕನ್ನು ಬಲವಾಗಿ ಒತ್ತಿದರು. ಗಾಲಿಗಳು ತಿರುಗುವದನ್ನು ಬಿಟ್ಟವು. ಕಾರು ಜಾರುವದನ್ನು ಬಿಡಲಿಲ್ಲ. ಚುಕ್ಕಾಣಿಯ ಮಾತನ್ನೂ ಕೇಳದೆ, ಕಬ್ಬಿನ ತುದಿಗಳಿಂದ ಗೇಣು ಅಂತರದಲ್ಲಿ ಹೋಗಿ ನಿಂತಿತು. ಹಿಂದಿನ ಆಸನದಲ್ಲಿ ಮೊಮ್ಮಗಳು ನಿದ್ರೆಹೋಗಿದ್ದಳು.

ಹದಿನೈದು ದಿನಗಳಿಂದ ಎದುರಿನ ಫಲಕದಲ್ಲಿ ‘ಎ.ಬಿ.ಎಸ್.’ ಎಂಬ ಹಳದಿ ದೀಪವು ಉರಿಯುತ್ತಲೇ ಇದ್ದಿತು. ಬ್ರೇಕು ಹಿಡಿಯುತ್ತಿದೆಯಲ್ಲ ಎಂದು ಅವರು ಅದನ್ನು ಲೆಕ್ಕಿಸಿರಲಿಲ್ಲ. ಅದರಲ್ಲಿ ಅರ್ಧ ಸತ್ಯವೂ ಇದ್ದಿತು. ಪ್ರತಿಯೊಂದು ಗಾಲಿಯ ವೇಗವನ್ನು ಒಂದೊಂದು ಸೆನ್ಸರು ನೋಡುತ್ತಿರುವದು. ಗಾಲಿಯು ಕಟ್ಟಿಹೋಗುವ ಲಕ್ಷಣ ಕಂಡೊಡನೆ ನಿಯಂತ್ರಣ ಯಂತ್ರವು ಆ ಗಾಲಿಯ ಬ್ರೇಕಿನ ಒತ್ತಡವನ್ನು ಒಂದು ಸೆಕೆಂಡಿನೊಳಗೆ ಹಲವು ಸಲ ಸಡಿಲಿಸಿ ಬಿಗಿಗೊಳಿಸುವದು. ನಮ್ಮ ದೇಶದಲ್ಲಿ 2019ರ ಏಪ್ರಿಲಿನಿಂದ ಹೊಸ ಕಾರುಗಳೆಲ್ಲಕ್ಕೆ ಇದು ಕಡ್ಡಾಯವಾಗಿದೆ. ಆದರೆ ಈ ಕಾವಲುಗಾರನ ಆಹಾರ ವಿದ್ಯುತ್ತು. ಅದು ಸಾಲದಾದರೆ ಆತನು ದೀಪ ಹಚ್ಚಿ ಹಿಂದೆ ಸರಿಯುವನು, ಸಾಮಾನ್ಯ ಬ್ರೇಕು ಮಾತ್ರ ಉಳಿಯುವದು. (ಹಳದಿಯೊಡನೆ ಬ್ರೇಕಿನ ಕೆಂಪು ದೀಪವೂ ಹತ್ತಿದರೆ ಕಾರನ್ನು ಅಲ್ಲಿಯೇ ನಿಲ್ಲಿಸುವದು ಲೇಸು.)

ಶಹರದ ದೊಡ್ಡ ಗ್ಯಾರೇಜೊಂದರಲ್ಲಿ, ನಿಯಂತ್ರಣ ಯಂತ್ರವೇ ಕೆಟ್ಟಿದೆ, ಬದಲಿಸಬೇಕು ಎಂದರು. ಬೆಲೆ ಕೇಳಿ ವ್ಯಾಪಾರಸ್ಥರು ಬೆವತರು. ಅಲ್ಲಿಯವರೂ ಮೀಟರು ಹಿಡಿದು ನೋಡಿಯೇ ಇದ್ದರು: ಬ್ಯಾಟರಿಯಲ್ಲಿ 12.6 ವೋಲ್ಟು, ಎಂಜಿನು ನಡೆದಾಗ 14.2, ಯಂತ್ರಕ್ಕೆ ಹೋಗುವ ತಂತಿಗಳ ತುದಿಯಲ್ಲಿಯೂ ಅಷ್ಟೇ, ಫ್ಯೂಜುಗಳೆಲ್ಲ ಸರಿ. ಆಹಾರವು ನೆಟ್ಟಗಿದೆ, ಆದುದರಿಂದ ಉಣ್ಣುವವನೇ ರೋಗಿಯೆಂದು ಅವರ ಅನುಮಾನ. ನೈಯಾಯಿಕರು ಇಂಥ ಹೇತುವನ್ನು ಸವ್ಯಭಿಚಾರವೆನ್ನುವರು. ತಂತಿ ಗಟ್ಟಿಯಿದ್ದಲ್ಲಿಯೂ ಅದು ಕಾಣುವದು, ಸವೆದಲ್ಲಿಯೂ ಕಾಣುವದು. ಮೀಟರು ಸೆಳೆಯುವ ವಿದ್ಯುತ್ತು ಅತ್ಯಲ್ಪ; ಹತ್ತು ಎಳೆಗಳಲ್ಲಿ ಒಂದುಳಿದರೂ ಅದಕ್ಕೆ ಸಾಕು. ಎ.ಬಿ.ಎಸ್. ಪಂಪು ತಿರುಗಿತೆಂದರೆ ಹತ್ತಾರು ಆಂಪಿಯರುಗಳನ್ನು ಬೇಡುವದು.

ಬನಹಟ್ಟಿಯ ತರುಣ ಮಿಸ್ತ್ರಿಯು ನೇಕಾರರ ಮಗ. ಆತನು ಮೊದಲು ಮೀಟರನ್ನು ಮುಟ್ಟಲಿಲ್ಲ.

“ಗಾಡಿ ಎಂದರ ನೀರಾಗ ನಿಂತಿತ್ತೇನ್ರಿ, ಸಾವಕಾರ್ರ?”

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದಾಗ ಮುಧೋಳದ ಬೀಗರ ಮನೆಯ ಮುಂದೆ, ಗಾಲಿ ಮುಳುಗುವಷ್ಟು ನೀರಿನಲ್ಲಿ ಕಾರು ಒಂದು ಹಗಲು ನಿಂತುದು ವ್ಯಾಪಾರಸ್ಥರಿಗೆ ನೆನಪಾಯಿತು. ಆಗ ಏನೂ ಆಗಿರಲಿಲ್ಲವೆಂದರು.

“ಮಗ್ಗ ಸುಮ್ನ ನಿಂತಾಗ ಎಲ್ಲಾ ಎಳಿ ಗಟ್ಟಿನ ಕಾಣತಾವ್ರಿ. ನಡದಾಗ ಹರಿಯೂದು ಯಾವದು ಅಂತ ತಿಳೀತೈತಿ.”

ಆತನು ಸ್ಕ್ಯಾನರಿನಿಂದ ಆಜ್ಞೆ ಕೊಟ್ಟು ಪಂಪನ್ನು ತಿರುಗಿಸಿದನು. ತಿರುಗುತ್ತಿರುವಾಗಲೇ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣಧ್ರುವಕ್ಕೆ, ಇನ್ನೊಂದನ್ನು ಯಂತ್ರದ ಅರ್ಥ್ ತಂತಿಯ ತುದಿಗೆ ಹಚ್ಚಿದನು. ಒಂದು ವೋಲ್ಟಿನ ಹತ್ತನೆಯ ಒಂದೆರಡು ಅಂಶಕ್ಕಿಂತ ಹೆಚ್ಚು ಇರಬಾರದಾದಲ್ಲಿ 2.1 ತೋರಿತು. ಧನಧ್ರುವದ ಹಾದಿಯನ್ನೂ ಹೀಗೆಯೇ ಅಳೆದನು, ಅಲ್ಲಿ ದೋಷವಿರಲಿಲ್ಲ. ಅಂದ ಮೇಲೆ ವಿದ್ಯುತ್ತು ಹೋಗುವ ದಾರಿಯಲ್ಲಲ್ಲ, ಮರಳಿ ಬರುವ ದಾರಿಯಲ್ಲಿ ರೋಗ. ಬ್ಯಾಟರಿಯ ತಟ್ಟೆಯ ಕೆಳಗೆ ಅರ್ಥ್ ತಂತಿಯನ್ನು ಕಾರಿನ ಮೈಗೆ ಬಿಗಿದ ಬೋಲ್ಟು ಹೊರಗಿನಿಂದ ಗಟ್ಟಿಯಾಗಿಯೇ ಇದ್ದಿತು. ಬಿಚ್ಚಲು ಒಳಗೆಲ್ಲ ಕಂದು ತುಕ್ಕು. ಬ್ಯಾಟರಿಯನ್ನು ಕಳಚಿಟ್ಟು, ಉಸುಕು ಕಾಗದದಿಂದ ಲೋಹವು ಬೆಳಗುವವರೆಗೆ ತಿಕ್ಕಿ, ಹೊಸ ಬೋಲ್ಟು ಬಿಗಿದು, ಮೇಲೆ ಗ್ರೀಸು ಸವರಿದನು. ಮತ್ತೆ ಪಂಪು ತಿರುಗಿದಾಗ ಮೀಟರು 0.1ನ್ನು ದಾಟಲಿಲ್ಲ.

ಊರ ಹೊರಗಿನ ಬಯಲಿನಲ್ಲಿ ವ್ಯಾಪಾರಸ್ಥರಿಂದಲೇ ಬ್ರೇಕನ್ನು ಬಲವಾಗಿ ಒತ್ತಿಸಿದನು. ಪೆಡಲು ಪಾದದಡಿ ಥರಥರ ನಡುಗಲು ಅವರು ಹೆದರಿ ಕಾಲು ತೆಗೆದರು.

“ತಗೀಬ್ಯಾಡ್ರಿ,” ಎಂದು ಮಿಸ್ತ್ರಿ ನಕ್ಕನು. “ಅದು ಕೆಲಸ ಮಾಡೂದ ಹಂಗ. ಕಾಲು ಒತ್ತೇ ಇರ್ರಿ, ಗಾಡಿ ತಿರುಗಿಸ್ರಿ.”

ಎರಡನೆಯ ಸಲ ಅವರು ಕಾಲು ತೆಗೆಯಲಿಲ್ಲ. ಕಾರು ನೆಟ್ಟ ಕಲ್ಲನ್ನು ಬಳಸಿಕೊಂಡು ಹೋಗಿ ನಿಂತಿತು.