ಡಾಲ್ಡಾ ಡಬ್ಬದ ಹಸಿರು ಚುಕ್ಕಿ

ಅಜ್ಜಿಯ ಹಿತ್ತಿಲಿಂದ ನಾನು ತಂದುಕೊಂಡದ್ದು ಒಂದೇ ವಸ್ತು, ಅವಳು ದೊಡ್ಡಪತ್ರೆ ಬೆಳೆಸಿದ್ದ ಹಳೆಯ ಡಾಲ್ಡಾ ಡಬ್ಬ. ತಳದಲ್ಲಿ ಮೊಳೆ ಹೊಡೆದು ಮಾಡಿದ ಮೂರು ತೂತು, ಅಂಚಿಗೆಲ್ಲ ತುಕ್ಕು. ಆದರೂ ಹಳದಿ ಬಣ್ಣ ಪೂರ್ತಿ ಮಾಸಿಲ್ಲ, ಅದರ ಮೇಲಿನ ಹಸಿರು ಮರ ನಿಂತೇ ಇದೆ. ಅದು ತೆಂಗೋ ಈಚಲೋ ಎಂಬುದು ನಮ್ಮ ಮನೆಯಲ್ಲಿ ಎಂದೂ ಇತ್ಯರ್ಥವಾಗಲಿಲ್ಲ.

ಅಂಗಡಿಯಿಂದ ಮರೆಯಾದ ಹಳೆಯ ಡಬ್ಬ, ಪೊಟ್ಟಣಗಳನ್ನು ಮುಂದಿಟ್ಟುಕೊಂಡು, ಇವತ್ತಿನ ಕಾನೂನಿಗೆ ಒಗ್ಗುವಂತೆ ಅವುಗಳ ಲೇಬಲ್ಲನ್ನು ಮತ್ತೆ ಬರೆಯುವುದು ರಜಾದಿನಗಳಲ್ಲಿ ನನಗಿಷ್ಟವಾದ ಕೆಲಸ. ಮಾರುವುದಕ್ಕಲ್ಲ, ಮುದ್ರಿಸಿ, ಡಬ್ಬಕ್ಕೆ ಸುತ್ತಿ, ಮೇಜಿನ ಮೇಲಿಟ್ಟು ನೋಡುವುದಕ್ಕೆ. ಡಾಲ್ಡಾ ಹೆಸರು ಈಗಲೂ ಅಂಗಡಿಯಲ್ಲಿದೆ. ಆ ತಗಡಿನ ಡಬ್ಬ ಮಾತ್ರ ಪ್ಲಾಸ್ಟಿಕ್ಕಿಗೆ ಜಾಗ ಬಿಟ್ಟುಕೊಟ್ಟು ಹೋಯಿತು.

ಮೊದಲು ಹೆಸರು ಬರೆಯಲು ಕೂತೆ. ಲೇಬಲ್ಲಿನ ವಿವರ ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಲೇಬೇಕು. ಜೊತೆಗೆ ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ. ಹಾಗಾಗಿ ಕನ್ನಡದಲ್ಲೂ ಬರೆಯಲು ಹೊರಟೆ. ‘ಡಾಲ್ಡಾ’ದ ಒತ್ತಕ್ಷರ ಕೆಳಗಿಳಿದು ನೇರ ಮರದ ಗರಿಗೆ ತಗುಲಿತು. ಹಿಂದೆ ದಾದಾ ಎಂಬ ಡಚ್ ಕಂಪನಿ ವನಸ್ಪತಿಯನ್ನು, ಅಂದರೆ ತುಪ್ಪದ ಬದಲಿಗೆ ಬಳಸುವ ಈ ಗಟ್ಟಿ ಎಣ್ಣೆಯನ್ನು, ಭಾರತಕ್ಕೆ ತರಿಸುತ್ತಿತ್ತು. ಲಿವರ್ ಕಂಪನಿ ಆ ಹೆಸರಿನ ನಡುವೆ ತನ್ನ ‘ಎಲ್’ ಸೇರಿಸಿ 1937ರಲ್ಲಿ ಡಾಲ್ಡಾ ಮಾಡಿತು. ಆ ಒಂದಕ್ಷರ ಬಾರದಿದ್ದರೆ ಕನ್ನಡಕ್ಕೆ ಒತ್ತೇ ಬೇಕಿರಲಿಲ್ಲ! ಎರಡು ಸಂಜೆ ಒದ್ದಾಡಿ, ಕೊನೆಗೆ ಒತ್ತು ಎರಡು ಗರಿಗಳ ಸಂದಿಯಲ್ಲಿ ಕೂರುವಂತೆ ಮರವನ್ನು ಕೊಂಚ ಎಡಕ್ಕೆ ಸರಿಸಿದೆ. ಈಗ ನೋಡಿದರೆ ಮರ ಮೊದಲಿನಿಂದ ಅಲ್ಲೇ ಇದ್ದಂತಿದೆ.

ಆಮೇಲೆ ಹಸಿರು ಚುಕ್ಕಿ. ಹಳೆಯ ಡಬ್ಬದಲ್ಲಿ ಅದಿಲ್ಲ; ಸಸ್ಯಾಹಾರದ ಈ ಗುರುತಿನ ನಿಯಮ ಹೊರಬಂದದ್ದು 2001ರಲ್ಲಿ. ನನ್ನ ಡಬ್ಬದ ಮುಂಭಾಗದ ಅಳತೆಗೆ ಚುಕ್ಕಿಯ ವ್ಯಾಸ ಕನಿಷ್ಠ 4 ಮಿಲಿಮೀಟರ್, ಸುತ್ತಲಿನ ಚೌಕದ ಬದಿ ಅದರ ಎರಡರಷ್ಟು. ಹೆಸರಿನ ಪಕ್ಕದಲ್ಲೇ ಇರಬೇಕು. ಹಳದಿಯ ಮೇಲೆ ಹಸಿರು ಮರ, ಮರದ ಬದಿಗೆ ಅಷ್ಟೇ ಹಸಿರಾದ ಚುಕ್ಕಿ: ಗರಿಯಿಂದ ಆಗತಾನೇ ಉದುರಿದ ಕಾಯಿಯ ಹಾಗೆ ಕಂಡಿತು. ಆ ರಾತ್ರಿ ಎಷ್ಟು ಹೊತ್ತು ಅದನ್ನೇ ನೋಡುತ್ತ ಕೂತಿದ್ದೆನೋ.

ಹಿಂಭಾಗ ಕಷ್ಟದ್ದು. ಆಹಾರ ಪರವಾನಗಿಯ 14 ಅಂಕಿಗಳ ಜಾಗಕ್ಕೆ 14 ಸೊನ್ನೆ ಹಾಕಿದೆ. ಪದಾರ್ಥಗಳ ಪಟ್ಟಿಯಲ್ಲಿ ಎಳ್ಳೆಣ್ಣೆ ಬರೆಯುವಾಗ ಖುಷಿಯಾಯಿತು. ವನಸ್ಪತಿಗೆ ಶೇ. 5ರಷ್ಟಾದರೂ ಎಳ್ಳೆಣ್ಣೆ ಬೆರೆಸಬೇಕೆಂಬ ನಿಯಮ ಬಂದದ್ದು ರುಚಿಗಲ್ಲ. ಯಾರಾದರೂ ವನಸ್ಪತಿಯನ್ನು ತುಪ್ಪಕ್ಕೆ ಕಲಬೆರಕೆ ಮಾಡಿದರೆ ಪ್ರಯೋಗಾಲಯದಲ್ಲಿ ಕೆಂಪು ಬಣ್ಣ ಬಂದು ಎಳ್ಳೆಣ್ಣೆಯೇ ಸಾಕ್ಷಿ ಹೇಳಲಿ ಎಂದು. ಪೋಷಕಾಂಶದ ಕೋಷ್ಟಕದಲ್ಲಿ 100 ಗ್ರಾಮಿಗೆ 900 ಕಿಲೋಕ್ಯಾಲೊರಿ, ಕೊಬ್ಬು 100 ಗ್ರಾಂ, ಪ್ರೋಟೀನ್ ಸೊನ್ನೆ, ಸಕ್ಕರೆ ಸೊನ್ನೆ. ಕೈ ನಿಂತದ್ದು ಟ್ರಾನ್ಸ್ ಫ್ಯಾಟ್ ಸಾಲಿನಲ್ಲಿ. ವನಸ್ಪತಿಯಲ್ಲಿ ಅದಕ್ಕೆ 2011ರಲ್ಲಿ ಶೇ. 10ರ ಮಿತಿ ಬಂತು. ಆಮೇಲೆ 5, 3 ಎಂದು ಇಳಿಯುತ್ತ 2022ಕ್ಕೆ 2ಕ್ಕೆ ಬಂದು ನಿಂತಿತು. ಅಜ್ಜಿ ಆ ಡಬ್ಬ ತರಿಸುತ್ತಿದ್ದ ಕಾಲಕ್ಕೆ ಯಾವ ಮಿತಿಯೂ ಇರಲಿಲ್ಲ. ನನ್ನದು ಇವತ್ತಿನ ಡಬ್ಬ, ಆದ್ದರಿಂದ 2ನ್ನೇ ಬರೆದೆ. ಮರದ ಬುಡದಿಂದ ಒಂದು ಹಸಿರು ಗೆರೆ ಎಳೆದು ಡಬ್ಬದ ಸುತ್ತ ಒಯ್ದೆ. ಹಿಂದೆ ಅದೇ ಗೆರೆ ಕೋಷ್ಟಕದ ಮೇಲಂಚಾಯಿತು.

ಸುತ್ತಿ ಮುಗಿಸಿ ಅಮ್ಮನ ಕೈಗೆ ಕೊಟ್ಟೆ. ಹಬ್ಬದ ಚಿರೋಟಿಗೆಲ್ಲ ಈ ಡಬ್ಬವನ್ನೇ ತೆರೆದವಳು ಅವಳು. ಮರವನ್ನೊಮ್ಮೆ ಸವರಿ, ಡಬ್ಬ ತಿರುಗಿಸಿ, ಕನ್ನಡಕ ಏರಿಸಿಕೊಂಡು ಓದತೊಡಗಿದಳು. ಬೆರಳು ಆ ಸಾಲಿನ ಮೇಲೆ ನಿಂತಿತು.

“ಇದು ಸರಿಯಾಗಿ ಕಾಣಿಸ್ತಿಲ್ವಲ್ಲೋ, ಏನು ಬರೆದಿದ್ದೀಯಾ?”

ಓದಿ ಹೇಳಿದೆ. ಮತ್ತೆ ಕಂಪ್ಯೂಟರ್ ತೆರೆದು ಕೋಷ್ಟಕದ ಅಕ್ಷರವನ್ನು ದೊಡ್ಡದು ಮಾಡಿದೆ. ಅದಕ್ಕೆ ಜಾಗ ಸಾಲದೆ ಮರವನ್ನು ಇನ್ನೊಂದಿಷ್ಟು ಮೇಲೆತ್ತಬೇಕಾಯಿತು.