ಸೊಪ್ಪಿನವಳ ಕೂಗು

ಸೋಲದೇವನಹಳ್ಳಿಯಲ್ಲಿ ನಮ್ಮ ಮನೆ ರೈಲು ಹಳಿಗೆ ಹತ್ತಿರ. ರಾತ್ರಿ ತುಮಕೂರಿನ ಕಡೆಗೆ ಎಷ್ಟು ಗಾಡಿ ಹೋದರೂ ಅಮ್ಮನಿಗೆ ಎಚ್ಚರವಾಗುವುದಿಲ್ಲ. ಬೆಳಿಗ್ಗೆ ‘ಸೊಪ್ಪೋ’ ಎಂದು ಕೇಳಿದರೆ ಸಾಕು, ಒಲೆ ಸಣ್ಣ ಮಾಡಿ ಓಡುತ್ತಾಳೆ. ಆ ಕೂಗು ಅವಳೊಬ್ಬಳಿಗಲ್ಲ, ಇಡೀ ಬೀದಿಗೂ ಅಲ್ಲ, ಸೊಪ್ಪು ಬೇಕಾದವರಿಗೆ.

ನೆಟ್‌ವರ್ಕಿನಲ್ಲಿ ಇಂಥ ಕೂಗಿಗೆ ಮಲ್ಟಿಕಾಸ್ಟ್ ಎಂದು ಹೆಸರು. ನಾನೊಮ್ಮೆ ಪುಟ್ಟ ಬೋರ್ಡೊಂದರ ನೆಟ್‌ವರ್ಕ್ ಚಿಪ್ಪಿಗೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೆ. ಯಾವ ಗುಂಪುಗಳ ಕೂಗು ಬೇಕೆಂಬ ಪಟ್ಟಿ ಕರ್ನಲ್ ಬಳಿ ಇರುತ್ತದೆ. ಪಟ್ಟಿ ಬದಲಾದಾಗಲೆಲ್ಲ ಅದು ಡ್ರೈವರನ್ನು ಕರೆಯುತ್ತದೆ. ನನ್ನ ಚಿಪ್ಪಿನಲ್ಲಿ ವಿಳಾಸಗಳನ್ನೇ ಬರೆದಿಡಲು ಜಾಗವಿರಲಿಲ್ಲ. ಇದ್ದದ್ದು 64 ಕಿಂಡಿ. ಪ್ರತಿ ವಿಳಾಸಕ್ಕೂ ಲೆಕ್ಕ ಹಾಕಿ, ಬಂದ ಸಂಖ್ಯೆಯ ಕಿಂಡಿ ತೆರೆಯಬೇಕು. ಎರಡು ವಿಳಾಸ ಒಂದೇ ಕಿಂಡಿಗೆ ಬಿದ್ದು ಬೇಡದವರೂ ನುಸುಳಬಹುದು. ಚಿಂತೆಯಿಲ್ಲ, ಒಳಗೆ ಕರ್ನಲ್ ಅವರನ್ನು ತಡೆಯುತ್ತದೆ. ಬೇಕಾದವರೇ ಹೊರಗುಳಿದರೆ ಮಾತ್ರ ಒಳಗಿನವರಿಗೆ ಸುಳಿವೂ ಸಿಗುವುದಿಲ್ಲ.

ನನಗಾದದ್ದು ಅದೇ. ಐಪಿವಿ4ನಲ್ಲಿ ಬೋರ್ಡು ಚೆನ್ನಾಗಿತ್ತು; ಐಪಿವಿ6ನಲ್ಲಿ ಸ್ವಲ್ಪ ಹೊತ್ತಿಗೆ ಮಾಯ. ‘ಈ ವಿಳಾಸ ಯಾರದು?’ ಎಂಬ ಪ್ರಶ್ನೆಯನ್ನು ಐಪಿವಿ4 ಎಲ್ಲರಿಗೂ ಕೂಗುತ್ತದೆ. ಐಪಿವಿ6 ಅದನ್ನು 33:33:ಎಫ್‌ಎಫ್ ಎಂದು ಶುರುವಾಗುವ ಗುಂಪಿನ ವಿಳಾಸಕ್ಕೆ ಕಳಿಸುತ್ತದೆ. ಆ ಪ್ರಶ್ನೆ ನನ್ನ ಬೋರ್ಡಿಗೆ ಮುಟ್ಟುತ್ತಿರಲಿಲ್ಲ.

ಸ್ವಿಚ್ಚು ನೋಡಿಕೊಳ್ಳುತ್ತಿದ್ದ ಗೆಳೆಯನ ಮೇಲೆ ಹರಿಹಾಯ್ದೆ. ‘ನನ್ನ ಪೋರ್ಟಿನಿಂದ ಪ್ಯಾಕೆಟ್ ಹೊರಟಿದೆ ಮಾರಾಯ’ ಎಂದ. ನಂಬಲಿಲ್ಲ. ಟಿಸಿಪಿಡಂಪ್ ಹಾಕಿ ನೋಡಿದರೆ ಎಲ್ಲ ಸರಿ. ನಿಲ್ಲಿಸಿದರೆ ಮತ್ತೆ ಕಿವುಡು. ನೋಡುವಾಗ ಇಲ್ಲದ ರೋಗ ನೋಡದಿದ್ದಾಗ ಬರುತ್ತದೆಂದರೆ ದೋಷ ಅವನದೇ ಎಂದು ಮೂರು ದಿನ ಹಟ ಹಿಡಿದೆ.

ಮೂರನೆಯ ರಾತ್ರಿ ಹೊಳೆಯಿತು. ಟಿಸಿಪಿಡಂಪ್ ಓಡುವಾಗ ಚಿಪ್ಪು ಎಲ್ಲ ಬಾಗಿಲನ್ನೂ ತೆರೆದಿಡುತ್ತದೆ. ಹಾಗಾದರೆ ಕೂಗು ಅಷ್ಟೂ ದಿನ ನಮ್ಮ ಹೊಸ್ತಿಲವರೆಗೆ ಬರುತ್ತಲೇ ಇತ್ತು. ಕೋಡ್ ತೆರೆದೆ. ತೆರೆದ ಕಿಂಡಿಗಳಿಗೆ ಹೊಸದನ್ನು ಸೇರಿಸುವ ಬದಲು, ಪ್ರತಿ ಸಲ ಹಳೆಯದನ್ನು ಮುಚ್ಚಿ ಹೊಸದೊಂದನ್ನೇ ತೆರೆದಿದ್ದೆ. ಪಟ್ಟಿಯ ಕೊನೆಯ ಗುಂಪಿನ ಕಿಂಡಿ ಮಾತ್ರ ಉಳಿಯುತ್ತಿತ್ತು. ಬೇರೊಂದು ಸೇವೆ ಶುರುವಾಗಿ ತನ್ನ ಗುಂಪನ್ನು ಕೊನೆಗೆ ಸೇರಿಸಿದ ಕೂಡಲೇ ನಮ್ಮ ಕಿಂಡಿ ಮುಚ್ಚುತ್ತಿತ್ತು. ಸಮ ಚಿಹ್ನೆಯ ಹಿಂದೆ ಒಂದು ಉದ್ದ ಗೆರೆ ಹಾಕಿದೆ, ಅಷ್ಟೇ.

ಬೆಳಿಗ್ಗೆ ಗೆಳೆಯನಿಗೆ ಫೋನ್ ಮಾಡಿ, ‘ಪ್ಯಾಕೆಟ್ ಬರುತ್ತಿತ್ತು, ನಾನೇ ಕೇಳಿಸಿಕೊಂಡಿರಲಿಲ್ಲ’ ಎಂದೆ.

‘ಮೂರು ದಿನದಿಂದ ಅದನ್ನೇ ಹೇಳಿದೆನಲ್ಲ’ ಎಂದ.