ಗುಂಡಿಯ ಲೆಕ್ಕ

ಅಂಗಿಯ ಗುಂಡಿ ಮಾಡಿ ಹೊಟ್ಟೆ ಹೊರೆದ ಒಬ್ಬ ಕಲಾವಿದೆಯ ಕಥೆಯನ್ನು ಇತ್ತೀಚೆಗೆ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಆಕೆಯ ಹೆಸರು ಲೂಸಿ ರೀ. 1902ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವಳು. ತಂದೆ ಡಾಕ್ಟರು, ಅನುಕೂಲಸ್ಥ ಯಹೂದಿ ಮನೆತನ. ಅಲ್ಲಿನ ಕಲಾಶಾಲೆಯಲ್ಲಿ ತಿಗರಿಯ ಮುಂದೆ ಕೂತವಳು ಮತ್ತೆ ಏಳಲೇ ಇಲ್ಲ ಅನ್ನಬೇಕು. 1937ರ ಪ್ಯಾರಿಸ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಆಕೆಯ ಮಡಕೆಗಳಿಗೆ ಬೆಳ್ಳಿ ಪದಕ ಬಂತು. ಮರುವರ್ಷ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿತು. ಆ ವರ್ಷವೇ ಆಕೆ ಊರು ಬಿಟ್ಟು ಲಂಡನ್ನಿಗೆ ಬಂದಳು. ಆಗ ವಯಸ್ಸು ಮೂವತ್ತಾರು. ಗಂಡ ಅಲ್ಲಿಂದ ಮುಂದೆ ಅಮೆರಿಕಕ್ಕೆ ಹೋದ, ಆಕೆ ಹೋಗಲಿಲ್ಲ. ಮದುವೆ ಅಲ್ಲಿಗೆ ಮುಗಿಯಿತು.

ಲಂಡನ್ನಿನಲ್ಲಿ ಆಕೆಗೆ ಸಿಕ್ಕಿದ್ದು ಹೈಡ್ ಪಾರ್ಕಿನ ಉತ್ತರಕ್ಕಿರುವ ಆಲ್ಬಿಯನ್ ಮ್ಯೂಸ್ ಎಂಬ ಓಣಿಯಲ್ಲಿ 18ನೇ ನಂಬರಿನ ಪುಟ್ಟ ಮನೆ. ಮ್ಯೂಸ್ ಅಂದರೆ ಹಿಂದೆ ಸಾಹುಕಾರರ ಕುದುರೆ, ಸಾರೋಟುಗಳನ್ನು ಇಡುತ್ತಿದ್ದ ಲಾಯಗಳ ಸಾಲು. ಕೆಳಗೆ ಕೆಲಸ, ಮೇಲೆ ವಾಸ. 1995ರಲ್ಲಿ ತೀರಿಕೊಳ್ಳುವ ತನಕ ಅದೇ ಮನೆ. ವಿಯೆನ್ನಾದ ಮನೆಗೆಂದು ಅರ್ನ್ಸ್ಟ್ ಪ್ಲಿಷ್ಕೆ ಎಂಬ ಆರ್ಕಿಟೆಕ್ಟ್ ಮಾಡಿಕೊಟ್ಟಿದ್ದ ಕಪಾಟು, ಸ್ಟೂಲುಗಳನ್ನು ಬಿಚ್ಚಿಸಿ ಇಲ್ಲಿಗೆ ತರಿಸಿಕೊಂಡಿದ್ದಳು. ಅವನ್ನು ಈ ಇಕ್ಕಟ್ಟಿನ ಜಾಗಕ್ಕೆ ಹೊಂದಿಸಿಕೊಟ್ಟವನು ಸಿಗ್ಮಂಡ್ ಫ್ರಾಯ್ಡನ ಮಗ ಅರ್ನ್ಸ್ಟ್. ಅವನೂ ಆರ್ಕಿಟೆಕ್ಟ್, ಅವನೂ ಊರು ಬಿಟ್ಟು ಬಂದವನೇ. ನಮ್ಮ ಪುಣೆಯ ಸೊಸೈಟಿಯಲ್ಲಿ ಊರಿನಿಂದ ಒರಳುಕಲ್ಲು ತಂದು ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಇಟ್ಟುಕೊಂಡವರಿದ್ದಾರೆ. ಹಾಗಾಗಿ ಇದು ನನಗೇನೂ ವಿಚಿತ್ರ ಅನ್ನಿಸಲಿಲ್ಲ.

ಆದರೆ ಮಡಕೆಗೆ ಗಿರಾಕಿ ಎಲ್ಲಿ? ವಿಯೆನ್ನಾದ ಹೆಸರು ಲಂಡನ್ನಿನಲ್ಲಿ ನಡೆಯಲಿಲ್ಲ. ಮೇಲಿಂದ ಯುದ್ಧ ಬೇರೆ. ಫ್ರಿಟ್ಜ್ ಲಾಂಪ್ಲ್ ಎಂಬ ಇನ್ನೊಬ್ಬ ವಲಸೆಗಾರ ಬಿಮಿನಿ ಎಂಬ ಹೆಸರಿನಲ್ಲಿ ಗಾಜಿನ ಕಾರ್ಯಾಗಾರ ನಡೆಸುತ್ತಿದ್ದ. ಲೂಸಿ ಅವನಿಗಾಗಿ ಗುಂಡಿ ಮಾಡತೊಡಗಿದಳು. ಆಮೇಲೆ ತನ್ನದೇ ಮಣ್ಣಿನ ಗುಂಡಿ. ಪ್ಲಾಸ್ಟರಿನ ಅಚ್ಚಿನಲ್ಲಿ ಮಣ್ಣು ಒತ್ತುವುದು, ಬಣ್ಣ ಬಳಿಯುವುದು, ಸುಡುವುದು. ಲಂಡನ್ನಿನ ದೊಡ್ಡ ದರ್ಜಿಗಳ ಬಟ್ಟೆಗೆ ಹೊಂದುವ ಬಣ್ಣವೇ ಆಗಬೇಕು. ಆರ್ಡರು ಹೆಚ್ಚಾಗಿ ಕೈಕೆಳಗೆ ಜನ ಬಂದರು. ಅವರಲ್ಲಿ ಹಲವರು ಆಕೆಯಂತೆಯೇ ನಿರಾಶ್ರಿತರು.

ಈ ಕಥೆ ನನಗೆ ಗೊತ್ತಾದದ್ದು ತಂಗಿಯಿಂದ.

ತಂಗಿ ಇರುವುದು ರೆಡಿಂಗಿನಲ್ಲಿ, ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಅರ್ಧ ಗಂಟೆ. ಧಾರವಾಡದಲ್ಲಿ ಹೋಮ್ ಸೈನ್ಸ್ ಓದಿದವಳು, ಮದುವೆಯಾಗಿ ಹೋದವಳು. ಅಜ್ಜಿಯಿಂದ ಕಲಿತ ಕಸೂತಿಯನ್ನು ಅಲ್ಲಿ ಕೆಲಸವಾಗಿಸಿಕೊಂಡಿದ್ದಾಳೆ. ನೆರೆಹೊರೆಯವರು ಮಗಳ ಬಗ್ಗೆ ಕೇಳಿದಾಗ ಅವ್ವ ನನ್ನ ಕಡೆ ನೋಡುತ್ತಾಳೆ.

“ಏನ್ ಮಾಡ್ತಾಳ ಅಂತ ಹೇಳಲೋ ಇವರಿಗೆ?”

“ಕಸೂತಿ ಹಾಕ್ತಾಳ ಅನ್ನವ್ವಾ.”

“ಕಸೂತಿ ಹಾಕಾಕ ವಿಮಾನ ಹತ್ತಿ ಹೋಗಬೇಕಾಗಿತ್ತೇನು?”

ಕಸೂತಿ ಅವಸರದವರ ಕೆಲಸವಲ್ಲ. ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸುತ್ತ ಹೋಗಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆಯ ಜಾಗ ಬಿಡುತ್ತ ಮುಂದೆ ಹೋಗುತ್ತದೆ, ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಹೀಗಾಗಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ. ಅದನ್ನೇ ಮೆಟ್ಟಿಲು ಮೆಟ್ಟಿಲಾಗಿ ಹಾಕಿದರೆ ಮುರ್ಗಿ. ಎಲ್ಲೋ ಒಂದು ಎಳೆ ಲೆಕ್ಕ ತಪ್ಪಿದರೆ ಗೋಪುರದ ಕಳಸ ವಾರೆಯಾಗುತ್ತದೆ. ಅಷ್ಟೂ ಬಿಚ್ಚಬೇಕು.

2024ರಲ್ಲಿ ಕ್ಲೈಂಟ್ ಕೆಲಸಕ್ಕೆಂದು ಮೂರು ವಾರ ಇಂಗ್ಲೆಂಡಿಗೆ ಹೋಗಿದ್ದೆ. ವಾರಾಂತ್ಯಗಳು ತಂಗಿಯ ಮನೆಯಲ್ಲಿ. ಮೊದಲ ಶನಿವಾರ ಅವಳ ಸ್ಟಾಲಿನಲ್ಲಿ ಕೂತೆ. ಚರ್ಚಿನ ಹಾಲ್‌ನಲ್ಲಿ ಕರಕುಶಲ ಸಂತೆ. ಸಾಬೂನು ಮಾಡುವವರು, ಉಣ್ಣೆ ಹೆಣೆಯುವವರು, ಮರದ ಚಮಚ ಕೆತ್ತುವವರು. ತಂಗಿಯ ಮೇಜಿನ ಹಿಂದೆ ಕಪ್ಪು ಬಟ್ಟೆಯ ಒಂದು ಸ್ಟೋಲ್ ತೂಗುಹಾಕಿತ್ತು. ನಮ್ಮ ಕಡೆ ಮದುಮಗಳಿಗೆ ಉಡಿಸುವ ಚಂದ್ರಕಾಳಿ ಸೀರೆಯ ನೆನಪಿನಲ್ಲಿ ಮಾಡಿದ್ದು, ತೊಟ್ಟಿಲು, ತೇರು, ತುಳಸಿಕಟ್ಟೆ ಎಲ್ಲ ಇದ್ದವು. ಬಂದವರೆಲ್ಲ ಅದನ್ನು ಸವರಿ ನೋಡಿ, ಮೆಚ್ಚಿ, ಆರು ಪೌಂಡಿನ ಬುಕ್‌ಮಾರ್ಕ್ ಕೊಂಡು ಹೋದರು. ಇಬ್ಬರು ಆನೆ ಇದೆಯೇ ಎಂದು ಕೇಳಿದರು. ಒಬ್ಬಾಕೆ, ಇಂಡಿಯಾದ ಕಸೂತಿಯಲ್ಲಿ ಕನ್ನಡಿ ಇರಬೇಕಲ್ಲವೇ, ಇದು ಇಂಡಿಯನ್ ಅನಿಸುವುದೇ ಇಲ್ಲ ಎಂದಳು. ತಂಗಿ ನಗುನಗುತ್ತ ಏನೋ ಹೇಳಿದಳು. ಆಕೆ ಹೋದ ಮೇಲೆ ಮುಖ ಸಣ್ಣದು ಮಾಡಿಕೊಂಡು ಬುಕ್‌ಮಾರ್ಕುಗಳನ್ನು ಮತ್ತೆ ಮತ್ತೆ ಜೋಡಿಸಿದಳು.

ಆ ರಾತ್ರಿ ಅವಳೇ ಹೇಳಿದಳು, ಈ ವರ್ಷ ಸ್ಟಾಲ್ ಮುಚ್ಚಿಬಿಡೋಣ ಅಂದುಕೊಂಡಿದ್ದೇನೆ ಅಂತ. ಪ್ರಾಜೆಕ್ಟ್ ಮ್ಯಾನೇಜರ್ ಆದವನು ಇಂಥ ಮಾತು ಕೇಳಿದರೆ ಏನು ಮಾಡುತ್ತಾನೆ? ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಮಾಡಿದೆ. ಸ್ಟೋಲಿಗೆ ಹಿಡಿದದ್ದು 70 ಗಂಟೆ. ಆ ವರ್ಷ ಬ್ರಿಟನ್ನಿನಲ್ಲಿ 21 ದಾಟಿದವರಿಗೆ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡ್. ಅಂದರೆ ಬರೀ ಕೂಲಿಯೇ 800 ಪೌಂಡ್. ಅವಳು ಹಚ್ಚಿದ್ದ ಬೆಲೆ 180, ಅದಕ್ಕೂ ಗಿರಾಕಿಯಿಲ್ಲ. ಬುಕ್‌ಮಾರ್ಕಿಗೆ ಮುಕ್ಕಾಲು ಗಂಟೆ, ಆರು ಪೌಂಡು. ಗಂಟೆಗೆ ಎಂಟು ಪೌಂಡ್, ಅದರಲ್ಲಿ ದಾರ, ಬಟ್ಟೆ, ಸ್ಟಾಲಿನ ಬಾಡಿಗೆ, ಇನ್ಶೂರೆನ್ಸ್ ಹೋಗಬೇಕು. ಅಲ್ಲಿ ವರ್ಷಕ್ಕೆ ಒಂದು ಸಾವಿರ ಪೌಂಡಿನ ತನಕದ ಇಂಥ ವ್ಯಾಪಾರಕ್ಕೆ ತೆರಿಗೆಯ ಲೆಕ್ಕ ಕೊಡಬೇಕಾಗಿಲ್ಲ. ಅದು ದಾಟಿದರೆ ಸೋಲ್ ಟ್ರೇಡರ್ ಅಂತ ನೋಂದಾಯಿಸಿಕೊಳ್ಳಬೇಕು. ನೋಂದಾಯಿಸಿಕೊಂಡ ದಿನ ಅವಳು ಮನೆಯಲ್ಲಿ ಹೋಳಿಗೆ ಮಾಡಿದ್ದಳಂತೆ.

ಶೀಟನ್ನು ನೋಡಿದಳು. “ಎಲ್ಲಾ ಖರೆ ಅದ ಅಣ್ಣಾ. ಕಾರ್ಡಿನ ಮ್ಯಾಲೆ ಸ್ವತಂತ್ರ ಕಲಾವಿದೆ ಅಂತ ಹಾಕ್ಕೊಂಡೀನಿ. ಮನಿ ಬಾಡಿಗಿ ಮಾತ್ರ ಇವರ ಪಗಾರದಾಗ ಹೋಗತದ. ಸ್ವತಂತ್ರ ಅನ್ನೂ ಶಬ್ದ ಓದಿದಾಗೊಮ್ಮೆ ನನಗ ನಗೂನೂ ಬರತದ, ಸಿಟ್ಟೂ ಬರತದ.”

ಅವಳ ಗಂಡ ಒಳ್ಳೆಯವನು, ಒಂದು ದಿನವೂ ಎತ್ತಿ ಆಡಿದವನಲ್ಲ. ಅದಕ್ಕೇ ಅವಳಿಗೆ ಇನ್ನೂ ಕಷ್ಟ ಇದ್ದಿರಬೇಕು. ಹೊರನಾಡಿನಲ್ಲಿ ಕೈಕೆಲಸ ಹಿಡಿದು ಕೂತವರ ಹಿಂದೆ ಬಹುತೇಕ ಯಾರದೋ ಸಂಬಳ ನಿಂತಿರುತ್ತದೆ. ಆ ಮಾತನ್ನು ಯಾರೂ ಆಡುವುದಿಲ್ಲ. ತಂಗಿ ಆಡಿದಳು.

ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ಲೈಬ್ರರಿಯಿಂದ ತಂದ ದಪ್ಪ ಪುಸ್ತಕವೊಂದನ್ನು ತಂದು ತೊಡೆಯ ಮೇಲಿಟ್ಟಳು. ತುಂಬ ಗುಂಡಿಗಳು. ಹೂವಿನಂಥವು, ಗಂಟಿನಂಥವು, ಶಂಖದಂಥವು, ನಮ್ಮ ಪೆಪ್ಪರ್‌ಮಿಂಟಿನ ಬಣ್ಣದವು. “ಇಕೀನ ನೋಡು. ನಾಳೆ ಇಕಿ ತಿಗರಿ ತೋರಸ್ತೀನಿ, ಬಾ.”

ಭಾನುವಾರ ಪ್ಯಾಡಿಂಗ್ಟನ್ನಿನಲ್ಲಿ ಇಳಿದು ಆಲ್ಬಿಯನ್ ಮ್ಯೂಸ್ ತನಕ ನಡೆದೆವು. ಅಲ್ಲಿಂದ ಹೈಡ್ ಪಾರ್ಕ್ ಹಾದು ದಕ್ಷಿಣಕ್ಕೆ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ. ಮೇಲಿನ ಮಹಡಿಯ ಸೆರಾಮಿಕ್ಸ್ ವಿಭಾಗದಲ್ಲಿ ಲೂಸಿ ರೀಯ ಕೆಲಸದ ಕೋಣೆಯನ್ನೇ ತಂದು ಮತ್ತೆ ಜೋಡಿಸಿದ್ದಾರೆ. ತಿಗರಿ, ಸಲಕರಣೆಗಳು. ನಾನು ಇನ್ನೂ ದೊಡ್ಡದನ್ನು ಕಲ್ಪಿಸಿಕೊಂಡಿದ್ದೆ. ತಂಗಿ ಅಲ್ಲಿಂದ ಬಹಳ ಹೊತ್ತು ಕದಲಲಿಲ್ಲ.

ಉಳಿದ ಕಥೆಯನ್ನು ಅಲ್ಲೇ ನಿಂತು ಹೇಳಿದಳು. ಆ ಕಾಲದ ಇಂಗ್ಲಿಷ್ ಕುಂಬಾರಿಕೆಯ ದೊಡ್ಡ ಗುರು ಬರ್ನಾರ್ಡ್ ಲೀಚ್. ಹಾಂಗ್‌ಕಾಂಗಿನಲ್ಲಿ ಹುಟ್ಟಿ, ಜಪಾನಿನಲ್ಲಿ ಮಡಕೆ ಕಲಿತು, 1920ರಲ್ಲಿ ಹಮಾದಾ ಶೋಜಿಯ ಜೊತೆ ಸೇಂಟ್ ಐವ್ಸ್ ಊರಿನಲ್ಲಿ ಕುಂಬಾರಿಕೆ ಹಾಕಿದವನು. ಅವನಿಗೆ ದಪ್ಪ ಗೋಡೆಯ, ಮಣ್ಣಿನ ತೂಕ ತೋರುವ ಹಳ್ಳಿ ಮಡಕೆ ಇಷ್ಟ. ಲೂಸಿಯ ಮಡಕೆಗಳು ಬಹಳ ತೆಳು ಅಂದ. ಆಕೆ ಕೆಲಕಾಲ ಅವನ ದಾರಿಯನ್ನೂ ಹಿಡಿದು ನೋಡಿದಳು, ದಪ್ಪ ಮಾಡಿದಳು. ಬಣ್ಣಕ್ಕೂ ಗೋಡೆಗೂ ಹೊಂದಿಕೆ ಬರಲಿಲ್ಲ. 1946ರಲ್ಲಿ ಹಾನ್ಸ್ ಕೋಪರ್ ಎಂಬ ಹುಡುಗ ಗುಂಡಿಯ ಕೆಲಸ ಕೇಳಿಕೊಂಡು ಬಂದ. ಜರ್ಮನಿಯಿಂದ ಓಡಿ ಬಂದವನು. ಶತ್ರುದೇಶದವನೆಂದು ಇಂಗ್ಲೆಂಡಿನವರೇ ಅವನನ್ನು ಹಿಡಿದು ಕೆನಡಾದ ಶಿಬಿರಕ್ಕೆ ಕಳಿಸಿದ್ದರು. ಮಣ್ಣು ಮುಟ್ಟಿ ಗೊತ್ತಿಲ್ಲದವನು. ಆದರೆ ನಿನ್ನ ಕೈಗೆ ಬರುವ ಮಡಕೆಯನ್ನೇ ಮಾಡು ಎಂದು ಆಕೆಗೆ ಧೈರ್ಯ ಕೊಟ್ಟವನು ಅವನೇ. ಇಬ್ಬರೂ ಸೇರಿ ಕಪ್ಪು, ಬಸಿ, ಕಾಫಿ ಸೆಟ್ಟು ಮಾಡಿದರು. ಅವುಗಳ ತಳಕ್ಕೆ ಇಬ್ಬರ ಮುದ್ರೆಯನ್ನೂ ಒತ್ತಿದರು. ಸಂಜೆಯ ಹೊತ್ತು ತಮ್ಮ ತಮ್ಮ ಕೆಲಸ. ಲೀಚ್ ಕೊನೆಯ ತನಕ ಆಕೆಯ ಗೆಳೆಯನಾಗಿಯೇ ಉಳಿದ.

“ನಿನಗ ತೆಳು ಅಂದ್ರು, ನನಗ ಕನ್ನಡಿ ಇಲ್ಲ ಅಂದ್ರು” ಎಂದು ತಂಗಿ ಗಾಜಿನ ಆಚೆಗಿನ ತಿಗರಿಗೆ ಹೇಳಿದಳು.

ನನಗೆ ಹಿಡಿಸಿದ ಸಂಗತಿ ಇನ್ನೊಂದಿದೆ. ಸಾಮಾನ್ಯವಾಗಿ ಕುಂಬಾರರು ಮಡಕೆಯನ್ನು ಒಮ್ಮೆ ಸುಟ್ಟು, ಆಮೇಲೆ ಗ್ಲೇಜ್ ಹಚ್ಚಿ ಎರಡನೇ ಸಲ ಸುಡುತ್ತಾರೆ. ಲೂಸಿ ಒಣಗಿದ ಹಸಿ ಮಡಕೆಗೇ ಬ್ರಶ್ಶಿನಿಂದ ಗ್ಲೇಜ್ ಬಳಿದು, ಕರೆಂಟಿನ ಆವಿಗೆಯಲ್ಲಿ ಒಂದೇ ಸಲ ಸುಡುತ್ತಿದ್ದಳು. ಹಸಿ ಮಣ್ಣು ನೀರು ಕುಡಿದು ಕುಸಿಯಬಹುದು, ಬಿರಿಯಬಹುದು. ಅದಕ್ಕೆ ಗ್ಲೇಜಿನ ಗುಣ ಕೈಗೆ ಗೊತ್ತಿರಬೇಕು. ಆಕೆಯ ಬೋಗುಣಿಗಳ ಹಳದಿ, ಗುಲಾಬಿ, ಜ್ವಾಲಾಮುಖಿಯ ಕಲ್ಲಿನಂತೆ ಗುಳ್ಳೆಗುಳ್ಳೆಯಾದ ಮೈ, ಇವೆಲ್ಲ ಹೆಸರಾದದ್ದು ಎಷ್ಟೋ ವರ್ಷಗಳ ಮೇಲೆ. ದರ್ಜಿಗಳ ಬಟ್ಟೆಗೆ ಬಣ್ಣ ಹೊಂದಿಸುತ್ತ ಸಾವಿರಾರು ಗುಂಡಿ ಸುಟ್ಟ ವರ್ಷಗಳು ಅದಕ್ಕಿಂತ ಮೊದಲಿನವು. ಆ ಗುಂಡಿಗಳೂ ಮುಂದೆ ವ್ಯರ್ಥವಾಗಲಿಲ್ಲ: ಜಪಾನಿನ ವಸ್ತ್ರವಿನ್ಯಾಸಕ ಇಸ್ಸೆ ಮಿಯಾಕೆ 1989ರಲ್ಲಿ ತನ್ನ ಉಡುಪುಗಳಿಗೆ ಅವನ್ನು ಹಚ್ಚಿದ. ಆಗ ಆಕೆಗೆ ಎಂಬತ್ತೇಳು. ಎರಡು ವರ್ಷದ ಮೇಲೆ ಬ್ರಿಟಿಷ್ ಸರ್ಕಾರ ‘ಡೇಮ್’ ಬಿರುದು ಕೊಟ್ಟಿತು.

ರೈಲಿನಲ್ಲಿ ವಾಪಸು ಬರುವಾಗ ತಂಗಿ ಚೀಲದಿಂದ ಅರ್ಧ ಮುಗಿದ ಬುಕ್‌ಮಾರ್ಕ್ ತೆಗೆದು ಹಾಕುತ್ತ ಕೂತಳು. ಸ್ಲೌ ಸ್ಟೇಷನ್ ದಾಟಿದ ಮೇಲೆ ಕೇಳಿದಳು: “ಅಣ್ಣಾ, ನಿನ್ನ ಶೀಟಿನ್ಯಾಗ ದಾರ ಅದ, ಬಾಡಿಗಿ ಅದ, ತಾಸು ಅದಾವ. ಇದನ್ನ ಹಾಕೂಮುಂದ ನಾ ಏನು ಕಲೀತೀನಿ, ಅದು ಯಾವ ಕಾಲಮ್ಮಿನ್ಯಾಗ ಬರತದ?”

ನಮ್ಮ ಆಫೀಸಿನಲ್ಲಿ ಅದಕ್ಕೆ ಟ್ರೇನಿಂಗ್ ಅಂತ ಬೇರೆ ಬಜೆಟ್ ಇರುತ್ತದೆ. ಖರ್ಚು ಕಡಿಮೆ ಮಾಡಿ ಅಂತ ಮೇಲಿಂದ ಹೇಳಿದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಹಾಗಂತ ಹೇಳಿದೆ. ನಕ್ಕಳು.

ಲೂಸಿ ರೀಯ ಕಥೆ ಹೇಳಿದ ಮಾತ್ರಕ್ಕೆ ತಂಗಿಯ ಸ್ಟೋಲಿಗೆ 800 ಪೌಂಡ್ ಬರುವುದಿಲ್ಲ. ಲೂಸಿಗೆ ಗುಂಡಿಯೇ ಬಾಡಿಗೆ ಕಟ್ಟಿತು. ಬುಕ್‌ಮಾರ್ಕಿನಿಂದ ರೆಡಿಂಗಿನ ಮನೆಯ ಬಾಡಿಗೆ ಹುಟ್ಟುವುದಿಲ್ಲ, ಅದನ್ನು ಶೀಟು ಸರಿಯಾಗಿಯೇ ತೋರಿಸಿತ್ತು. ಹೊರನಾಡಿನಲ್ಲಿ ಕಲೆ ಮಾಡುವವರಿಗೆ ಹೊಟ್ಟೆಪಾಡಿನ ಸಣ್ಣ ಕೆಲಸ ಒಂದು ಅಡ್ಡಿ, ಅದನ್ನು ಮುಗಿಸಿದ ಮೇಲೆ ನಿಜವಾದ ಕೆಲಸ ಅಂತ ನಾನೂ ನಂಬಿದ್ದೆ, ಅವಳೂ ನಂಬಿದ್ದಳು. ಐಟಿಯಲ್ಲಿದ್ದು ರಾತ್ರಿ ಕಥೆ ಬರೆಯುವ, ತಬಲಾ ಬಾರಿಸುವ ಗೆಳೆಯರ ಮಾತೂ ಅದೇ. ಆದರೆ ಅಚ್ಚಿನಲ್ಲಿ ಗುಂಡಿ ಒತ್ತಿದ ಕೈ ಮತ್ತು ಬೋಗುಣಿ ಎತ್ತಿದ ಕೈ ಒಂದೇ. ಸಣ್ಣ ಕೆಲಸವನ್ನು ಅರೆಮನಸ್ಸಿನಲ್ಲಿ ಮಾಡಿದರೆ ದೊಡ್ಡದಕ್ಕೆ ಆ ಕೈಯೇ ಬರುತ್ತದೆ.

ತಂಗಿ ಸ್ಟಾಲ್ ಮುಚ್ಚಲಿಲ್ಲ. ವಾರಕ್ಕೆ ಎರಡು ದಿನ ಒಂದು ಬಟ್ಟೆಯಂಗಡಿಯಲ್ಲಿ ಕೆಲಸ ಹಿಡಿದಳು. ಸ್ಟಾಲಿನ ಖರ್ಚು ಈಗ ಅವಳ ದುಡ್ಡಿನಲ್ಲೇ ನಡೆಯುತ್ತದೆ. ಸೆಪ್ಟೆಂಬರಿನಿಂದ ಕ್ರಿಸ್‌ಮಸ್ ತನಕ ಬುಕ್‌ಮಾರ್ಕು, ಕಾರ್ಡು. ಜನವರಿಯಿಂದ ಮಾರ್ಚ್ ತನಕ ಸಂತೆಗಳು ಕಡಿಮೆ, ಆಗ ತನ್ನದೊಂದು. ಬುಕ್‌ಮಾರ್ಕುಗಳಲ್ಲೂ ಆನೆ ನಿಲ್ಲಿಸಿದ್ದಾಳೆ. ಪ್ರತಿಯೊಂದರಲ್ಲೂ ಮುಂದೆ ದೊಡ್ಡದರಲ್ಲಿ ಬೇಕಾಗುವ ಒಂದು ತುಣುಕನ್ನು ಹಾಕಿ ನೋಡುತ್ತಾಳೆ.

ಮೊದಲ ಚಳಿಗಾಲದಲ್ಲಿ ಹಾಕಿದ್ದು ರೆಡಿಂಗಿನ ಮನೆಗಳ ಸಾಲು. ಆ ಊರಿನ ಹಳೆಯ ಮನೆಗಳ ಗೋಡೆಗಳಲ್ಲಿ ಕೆಂಪು ಇಟ್ಟಿಗೆಯ ನಡುವೆ ಬೂದು ಇಟ್ಟಿಗೆ ಸೇರಿಸಿ ಚೌಕಳಿ ಕಟ್ಟಿರುತ್ತಾರೆ. ಎಣಿಸಿ ಹಾಕುವ ಹೊಲಿಗೆಗೆ ಹೇಳಿ ಮಾಡಿಸಿದ ಗೋಡೆಗಳು. ಛಾವಣಿಗೆ ಮುರ್ಗಿ, ಚಿಮಣಿಗೆ ಗವಂತಿ. ಲೂಸಿಯೂ ಏವ್‌ಬರಿಯ ಮ್ಯೂಸಿಯಂನಲ್ಲಿ ಕಂಡ ಕಂಚಿನ ಯುಗದ ಮಡಕೆಗಳ ಗೀರುಗಳನ್ನು ನೋಡಿಯೇ ತನ್ನ ಬೋಗುಣಿಗಳ ಮೇಲೆ ಸೂಜಿಯಿಂದ ಗೆರೆ ಕೊರೆಯತೊಡಗಿದ್ದು ಎಂದು ತಂಗಿ ಫೋನಿನಲ್ಲಿ ಹೇಳಿದಳು. ಬಂದು ಸೇರಿದ ಊರಿನಿಂದ ತೆಗೆದುಕೊಂಡ ಗೆರೆ.

ಫೋಟೋ ಬಂದಾಗ ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ಹಿಗ್ಗಿಸಿ, ಒಂದೊಂದೇ ಮನೆ ನೋಡಿದಳು.

“ಮುರ್ಗಿ ಛಲೋ ಬಿದ್ದದ. ಆದ್ರ ಈ ಮನಿಗೋಳಿಗೆ ಕಟ್ಟಿ ಯಾಕಿಲ್ಲ? ಜನಾ ಎಲ್ಲಿ ಕೂಡಬೇಕು?”

ಆ ಪ್ರಶ್ನೆಯನ್ನು ತಂಗಿಗೆ ಹಾಗೇ ಕಳಿಸಿದ್ದೇನೆ.